ಹಾರುವ ಮುಧೋಳ, ತೋಡುವ ಬೀಗಲ್: ಒಂದು ಹಿತ್ತಲ ಬೇಲಿಯ ರಿಪೇರಿ

ಜಾಗ ಮೈಸೂರಿನ ಹೊರವಲಯದ 40×80 ಸೈಟಿನ ಹಿತ್ತಲು: 40 ಅಡಿ ಅಗಲ, 30 ಅಡಿ ಆಳ. ಹಿಂದುಗಡೆ 40 ಅಡಿ, ಎಡಗಡೆ 30 ಅಡಿ ಕಲ್ಲುಕಂಬದ ಮೇಲೆ ಚೈನ್‌ಲಿಂಕ್ ಜಾಲರಿ, ಎತ್ತರ 5 ಅಡಿ. ಬಲಗಡೆ 30 ಅಡಿ ಪಕ್ಕದ ಮನೆಯವರೊಂದಿಗೆ ಜಂಟಿ ಕಾಂಪೌಂಡ್ ಗೋಡೆ. ಅದು 6 ಇಂಚಿನ ಸಾಲಿಡ್ ಬ್ಲಾಕಿನದು, ಎತ್ತರ ನಾಲ್ಕೂವರೆ ಅಡಿ. ಮುಂದುಗಡೆ ಮನೆಯೇ ಅಡ್ಡ. ಮನೆಯ ಎಡಕ್ಕಿರುವ 3 ಅಡಿ ಓಣಿಗೆ ಗ್ರಿಲ್ ಬಡಿದಾಗಿದೆ, ಬಲಕ್ಕಿರುವ 5 ಅಡಿ ಓಣಿಯಲ್ಲಿ ಕಬ್ಬಿಣದ ಗೇಟು.

ನಾಯಿಗಳು ಎರಡು. ಮೂರು ವರ್ಷದ ಗಂಡು ಮುಧೋಳ, ಭುಜದ ಮಟ್ಟ 28 ಇಂಚು, ತೂಕ 24 ಕೆಜಿ. ಎರಡು ವರ್ಷದ ಹೆಣ್ಣು ಬೀಗಲ್, 11 ಕೆಜಿ. ವಾರಕ್ಕೆ ಎರಡು ಮೂರು ಸಲ ಎರಡೂ ಬೀದಿಯಲ್ಲಿ.

ಇಂಥ ಕಡೆ ಮೊದಲು ಸಿಗುವ ಸಲಹೆ "ಬೇಲಿ ಎತ್ತರಿಸಿ". ಎತ್ತರಿಸಿದ್ದರೆ ಬೀಗಲ್‌ಗೆ ಏನೂ ಆಗುತ್ತಿರಲಿಲ್ಲ, ಅದು ಹೋಗುತ್ತಿದ್ದುದು ಕೆಳಗಿಂದ. ನಾಯಿ ಮೇಲಿಂದ ಹೋಗುತ್ತದೋ, ಕೆಳಗಿಂದಲೋ, ನಡುವೆ ತೂರಿಯೋ, ಗೇಟಿನಿಂದಲೋ ಎಂದು ತಿಳಿಯುವ ಮುಂಚೆ ಒಂದು ಕೆಜಿ ತಂತಿಯನ್ನೂ ಕೊಳ್ಳಬಾರದು.

ಎಲ್ಲಿಂದ ಹೋಗುತ್ತಿವೆ?

ಇದಕ್ಕೆ ಕ್ಯಾಮೆರಾಕ್ಕಿಂತ ಮರಳು ವಾಸಿ. ಜರಡಿ ಹಿಡಿದ ಸಣ್ಣ ಮರಳನ್ನು ಬೇಲಿಯ ಬುಡದುದ್ದಕ್ಕೂ ಒಳಗಡೆ ಒಂದಡಿ ಅಗಲಕ್ಕೆ ಸಂಜೆ ಚೆಲ್ಲಿ, ಹಲಗೆಯಿಂದ ಸವರಿ ಬಿಡುವುದು. ಒಲೆಯ ಬೂದಿ ಬೇಡ, ನಾಯಿ ಪಾದ ನೆಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಹೆಜ್ಜೆ ಎಲ್ಲಿ ಒತ್ತೊತ್ತಾಗಿದೆ, ಎಲ್ಲಿ ಹಿಂಗಾಲಿನ ಎರಡು ಗುರುತು ಮಾತ್ರ ಆಳವಾಗಿ ಒತ್ತಿದೆ ಎಂದು ನೋಡಿದರೆ ಸಾಕು. ಹಿಂಗಾಲು ಮಾತ್ರ ಒತ್ತಿದ್ದರೆ ಅಲ್ಲಿಂದ ನೆಗೆದಿದೆ ಎಂದರ್ಥ. ಜಾಲರಿಯ ಕೆಳತುದಿಯಲ್ಲಿ ಕೂದಲು ಸಿಕ್ಕಿದ್ದರೆ ಅಲ್ಲಿ ನುಸುಳಿದೆ. ಗೋಡೆಯ ಸುಣ್ಣದ ಮೇಲೆ ಉಗುರು ಗೀರಿದ್ದರೆ ಮುಂಗಾಲು ಎಲ್ಲಿಯವರೆಗೆ ತಲುಪಿತ್ತು ಎಂದೂ ಅಳೆಯಬಹುದು.

ಮೂರು ದಿನದಲ್ಲಿ ಸಿಕ್ಕಿದ್ದು ನಾಲ್ಕು ದಾರಿ. ಎಡಬೇಲಿಯ ಬುಡದಲ್ಲಿ, ಬಚ್ಚಲ ನೀರು ಬಾಳೆಗುಂಪಿಗೆ ಹರಿಯುವ ಕಡೆ, 9 ಇಂಚು ಅಗಲದ ತೋಡು. ಕೆಮ್ಮಣ್ಣು ನೆನೆದು ಬೆಣ್ಣೆಯಂತಾಗಿದ್ದರಿಂದ ಬೀಗಲ್‌ಗೆ ಐದು ನಿಮಿಷದ ಕೆಲಸ. ಬಲಗೋಡೆಯ ಹತ್ತಿರ ಎರಡೂವರೆ ಅಡಿ ಎತ್ತರದ ಬಟ್ಟೆ ಒಗೆಯುವ ಕಲ್ಲು ಗೋಡೆಗೆ ಮೂರಡಿ ದೂರದಲ್ಲಿದೆ. ಕಲ್ಲಿನ ಮೇಲಿಂದ ಗೋಡೆಯ ತಲೆಗೆ ಉಳಿಯುವುದು ಎರಡೇ ಅಡಿ, ಮುಧೋಳಕ್ಕೆ ಅದು ಮೆಟ್ಟಿಲು. ಗೇಟಿನ ಅಡಿಯಲ್ಲಿ 5 ಇಂಚಿನ ಸಂದು, ಜೊತೆಗೆ ಮೂತಿಯಿಂದ ಎತ್ತಿದರೆ ತೆರೆದುಕೊಳ್ಳುವ ಚಿಲಕ. ಕೊನೆಯದು ಹಿಂಬದಿಯ ಮಳೆನೀರಿನ ಕಿಂಡಿ, 6×9 ಇಂಚು. ತಲೆಬುರುಡೆ ಹೊಕ್ಕರೆ ಮೈ ಹೋಗಿಯೇ ಹೋಗುತ್ತದೆ, ಹೊಟ್ಟೆ ದಪ್ಪ ಎಂದು ನಂಬಿ ಕೂರುವಂತಿಲ್ಲ.

ಇಷ್ಟು ತಿಳಿಯುವವರೆಗೆ ಎರಡನ್ನೂ ಹಿತ್ತಲಿಗೆ ಒಂಟಿಯಾಗಿ ಬಿಡಲಿಲ್ಲ. ಒಂದು ಸಲ ಹೊರಗೆ ಹೋಗಿ ಬೆಕ್ಕು ಅಟ್ಟಿಸಿಕೊಂಡು ಬಂದ ನಾಯಿ ಹತ್ತು ಸಲ ಸೋತರೂ ಹನ್ನೊಂದನೇ ಸಲ ಪ್ರಯತ್ನಿಸುತ್ತದೆ. ರಿಪೇರಿ ಅರ್ಧವಾಗಿರುವಾಗ ಬಿಟ್ಟರೆ ಉಳಿದ ಅರ್ಧವನ್ನು ಹುಡುಕುವ ತರಬೇತಿ ಕೊಟ್ಟಂತೆ.

ಬುಡದ ಕೆಲಸ

ಚೈನ್‌ಲಿಂಕ್ ಕಟ್ಟುವವರು ಸಾಮಾನ್ಯವಾಗಿ ಮೇಲೊಂದು ಎಳೆತಂತಿ ಕೊಟ್ಟು ಕೆಳಗೆ ಬಿಟ್ಟುಬಿಡುತ್ತಾರೆ. ಇಲ್ಲೂ ಹಾಗೆಯೇ ಆಗಿತ್ತು, ಜಾಲರಿಯ ಕೆಳತುದಿಯನ್ನು ಒಂದು ಬೆರಳಲ್ಲಿ ಎತ್ತಬಹುದಿತ್ತು. ಮೊದಲು 8 ಗೇಜ್ (ಸುಮಾರು 4 ಮಿ.ಮೀ. ದಪ್ಪ) ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ತಂತಿಯ ಎರಡು ಸಾಲು ಸೇರಿಸಿದ್ದಾಯಿತು, ಒಂದು ನೆಲದಿಂದ 2 ಇಂಚು ಮೇಲೆ, ಇನ್ನೊಂದು ನಡುಮಟ್ಟದಲ್ಲಿ. 70 ಅಡಿಗೆ ಎರಡು ಸಾಲು ಎಂದರೆ 140 ಅಡಿ, 8 ಗೇಜ್‌ನಲ್ಲಿ ನಾಲ್ಕೂಕಾಲು ಕೆಜಿ ಚಿಲ್ಲರೆ. ಸುತ್ತಿ ಕಟ್ಟಲು ಬೇಕಾಗುವುದು ಸೇರಿ 5 ಕೆಜಿ ತಂದರೆ ಸರಿಹೋಗುತ್ತದೆ. ಪ್ರತಿ ಸಾಲಿನ ಒಂದು ತುದಿಗೆ, ತಿರುಗಿಸಿದರೆ ತಂತಿ ಬಿಗಿಯಾಗುವ ಟರ್ನ್‌ಬಕಲ್ ಹಾಕಬೇಕು. ಕೈಯಲ್ಲಿ ಎಳೆದು ಕಟ್ಟಿದ ತಂತಿ ಬೇಸಿಗೆಯ ಮಧ್ಯಾಹ್ನ ಸಡಿಲಾಗಿ ಜೋತುಬೀಳುತ್ತದೆ.

ಆಮೇಲೆ ಎಲ್ ಆಕಾರದ ನೆಲಜಾಲರಿ. ಈ ಇಡೀ ಕೆಲಸದಲ್ಲಿ ಖರ್ಚಿಗೆ ಹೆಚ್ಚು ಫಲ ಕೊಟ್ಟದ್ದು ಇದೇ, ಹಾಗಾಗಿ ಸ್ವಲ್ಪ ವಿವರ.

ಬೇಲಿಯ ಬುಡದಲ್ಲಿ ಎರಡಡಿ ಆಳಕ್ಕೆ ಕಾಲುವೆ ತೋಡಿ ಜಾಲರಿ ಹೂಳುವುದು ಹಳೆಯ ಪದ್ಧತಿ. 70 ಅಡಿ ಕಾಲುವೆ ತೋಡಲು ಇಬ್ಬರು ಆಳು ಎರಡು ದಿನ ಬೇಕು, ಬಾಳೆ, ನುಗ್ಗೆಯ ಬೇರು ಕಡಿದುಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ಒಂದೂವರೆ ಅಡಿ ಮಾತ್ರ ಹೂತಿರುವ ಕಲ್ಲುಕಂಬದ ಬುಡ ಸಡಿಲವಾಗುತ್ತದೆ. ನಾಯಿಯ ಸ್ವಭಾವ ನೋಡಿದರೆ ಅಷ್ಟು ಕಷ್ಟ ಬೇಕಿಲ್ಲ. ಅದು ತೋಡುವುದು ಬೇಲಿಗೆ ಮೂತಿ ತಾಗಿಸಿಕೊಂಡು, ಬುಡದಲ್ಲೇ. ಅಲ್ಲಿ ಉಗುರಿಗೆ ತಂತಿ ಸಿಕ್ಕರೆ ಎಡಕ್ಕೋ ಬಲಕ್ಕೋ ಸರಿದು ನೋಡುತ್ತದೆಯೇ ಹೊರತು, ಎರಡಡಿ ಹಿಂದೆ ಬಂದು ಅಲ್ಲಿಂದ ಸುರಂಗ ಹೊಡೆಯುವ ಲೆಕ್ಕಾಚಾರ ಹಾಕುವುದು ಬಹಳ ಅಪರೂಪ. ಹಾಗಾಗಿ ಜಾಲರಿಯನ್ನು ನೆಲದ ಮೇಲೆ ಒಳಮುಖವಾಗಿ ಹಾಸಿದರೆ ಸಾಕು.

ತಂದದ್ದು 12 ಗೇಜ್ ಜಿಐ ವೆಲ್ಡ್ ಮೆಶ್, 2×2 ಇಂಚಿನ ಕಣ್ಣು, 3 ಅಡಿ ಅಗಲ, ಜೋಡಣೆಯ ಲೆಕ್ಕ ಸೇರಿ 75 ಅಡಿ. ಉದ್ದಕ್ಕೆ ಒಂದು ಬಿದಿರಿನ ಗಳ ಇಟ್ಟು ಮಡಿಸಿ, ಒಂದಡಿ ನಿಲ್ಲುವಂತೆ, ಎರಡಡಿ ಮಲಗುವಂತೆ ಮಾಡಿಕೊಳ್ಳಬೇಕು. ನಿಲ್ಲುವ ಭಾಗ ಚೈನ್‌ಲಿಂಕಿನ ಒಳಬದಿಗೆ ಬರಬೇಕು. ಹೊರಬದಿಗೆ ಕಟ್ಟಿದರೆ ನಾಯಿ ತಳ್ಳಿದಷ್ಟೂ ಕಟ್ಟು ಬಿಚ್ಚುತ್ತದೆ, ಒಳಬದಿಗೆ ಕಟ್ಟಿದರೆ ತಳ್ಳಿದಷ್ಟೂ ಬೇಲಿಗೆ ಒತ್ತಿಕೊಳ್ಳುತ್ತದೆ. ಕಟ್ಟಲು ಸೆಂಟ್ರಿಂಗ್‌ನವರ ಬೈಂಡಿಂಗ್ ವೈರ್ ಬಳಸುವ ಆಸೆ ಎಲ್ಲರಿಗೂ ಬರುತ್ತದೆ, ಮನೆಯಲ್ಲಿ ಉಳಿದಿರುತ್ತದಲ್ಲ. ಅದು ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಪುಡಿಯಾಗುತ್ತದೆ. 14 ಗೇಜ್ ಜಿಐ ತಂತಿಯ 5 ಇಂಚಿನ ತುಂಡು, ಅರ್ಧ ಅಡಿಗೊಂದರಂತೆ 140 ಕಟ್ಟು, ಇಕ್ಕಳದಲ್ಲಿ ತಿರುಚಿದ ತುದಿ ಹೊರಗಡೆಗೆ.

ನೆಲಕ್ಕೆ ಬಿಗಿಯಲು 8 ಮಿ.ಮೀ. ಟಿಎಂಟಿ ಸರಳಿನ ಗೂಟ. 12 ಮೀಟರಿನ ಒಂದು ಸರಳಿನಲ್ಲಿ ಒಂದೂವರೆ ಅಡಿಯ 26 ತುಂಡು ಬರುತ್ತವೆ, ಎರಡು ಸರಳಿಗೆ 52. ತಲೆಯನ್ನು ಕೊಡೆಯ ಹಿಡಿಯಂತೆ ಬಗ್ಗಿಸಿ, ಮಲಗಿದ ಜಾಲರಿಯ ಒಳ ಅಂಚಿಗೆ ಎರಡಡಿಗೊಂದು ಬಡಿದರೆ 35 ಖರ್ಚು. ಉಳಿದ 17 ಜೋಡಣೆಗಳಿಗೆ, ಮೂಲೆಗೆ, ನೆಲ ಉಬ್ಬಿದ ಕಡೆಗೆ. ಜೋಡಣೆಯಲ್ಲಿ ಅರ್ಧ ಅಡಿ ಮೇಲುಮೇಲೆ ಬರಬೇಕು. ಮೂಲೆಯಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ: ಜಾಲರಿ ಒಳಮುಖವಾಗಿ ಮಲಗುವುದರಿಂದ ಎರಡು ಪಟ್ಟಿಗಳು ತಾವೇ ಒಂದರ ಮೇಲೊಂದು ಎರಡಡಿ ಚೌಕದಷ್ಟು ಕೂರುತ್ತವೆ.

ಇಲ್ಲಿ ಒಂದು ತಪ್ಪು ನಡೆಯಿತು. ಜಾಲರಿ ಕತ್ತರಿಸಿದ ತುದಿಗಳನ್ನು ಹಾಗೇ ಬಿಟ್ಟು ಮಣ್ಣು ಮುಚ್ಚಿದ್ದರಿಂದ, ಎರಡನೇ ದಿನವೇ ಬೀಗಲ್‌ನ ಮುಂಗಾಲಿನ ಮೆತ್ತೆಯಲ್ಲಿ ಗೀರು. ಒಳ ಅಂಚಿನ ಮಣ್ಣನ್ನೆಲ್ಲ ಮತ್ತೆ ಕೆರೆದು ತಂತಿಯ ಕೊನೆಗಳನ್ನು ಕೆಳಮುಖವಾಗಿ ಬಗ್ಗಿಸಬೇಕಾಯಿತು. ಮೊದಲೇ ಮಾಡಿದ್ದರೆ ಅರ್ಧ ಗಂಟೆ, ಆಮೇಲೆ ಮಾಡಿದ್ದಕ್ಕೆ ಅರ್ಧ ದಿನ. ಕೋಳಿಗೂಡಿನ ಷಟ್ಕೋನ ಜಾಲರಿ ಅಗ್ಗ ಎಂದು ಅದನ್ನು ಹಾಸುವವರೂ ಇದ್ದಾರೆ. ಅದರ ತಂತಿ ತೀರಾ ಸಣ್ಣ, ನಾಯಿ ಹಲ್ಲಿನಲ್ಲಿ ಕಿತ್ತುಹಾಕುತ್ತದೆ, ಉಗುರೂ ಸಿಕ್ಕಿಕೊಳ್ಳುತ್ತದೆ.

ಬಾಳೆಗುಂಪಿನ ಹತ್ತಿರದ 12 ಅಡಿಗೆ ಜಾಲರಿ ಸಾಲದು, ಹಸಿ ಮಣ್ಣಿನಲ್ಲಿ ಗೂಟ ನಿಲ್ಲುವುದಿಲ್ಲ. ಅಲ್ಲಿ ಬೇಲಿಯ ನೇರ ಕೆಳಗೆ 6 ಇಂಚು ಅಗಲ, 9 ಇಂಚು ಆಳದ ಕಾಂಕ್ರೀಟ್ ಬೆಡ್ಡು. ನಾಲ್ಕೂವರೆ ಘನ ಅಡಿ ಕಾಂಕ್ರೀಟು, 1:2:4 (ಸಿಮೆಂಟು, ಮರಳು, ಜಲ್ಲಿ) ಮಿಶ್ರಣದಲ್ಲಿ ಒಂದು ಚೀಲ ಸಿಮೆಂಟಿನಲ್ಲಿ ಮುಗಿದು ಸ್ವಲ್ಪ ಉಳಿಯುತ್ತದೆ. ಮರಳು 2, ಜಲ್ಲಿ 4 ಘನ ಅಡಿ. ಹಸಿಯಿರುವಾಗಲೇ ಚೈನ್‌ಲಿಂಕಿನ ಕೆಳಗಿನ ಒಂದು ಕಣ್ಣು ಅದರೊಳಗೆ ಮುಳುಗುವಂತೆ ಒತ್ತಬೇಕು. ಉಳಿದ ಸಿಮೆಂಟು ಕಂಬಗಳಿಗೆ ಬೇಕಾಗುತ್ತದೆ, ಎಸೆಯಬೇಡಿ. ಬಚ್ಚಲ ನೀರಿಗೆ 2 ಇಂಚಿನ ಪೈಪು ಹಾಕಿ ಬೇಲಿಯಿಂದ ಆರಡಿ ಈಚೆಗೇ ಬಾಳೆಯ ಬುಡಕ್ಕೆ ಬಿಟ್ಟ ಮೇಲೆ ಬೇಲಿಯ ಬುಡ ಒಣಗಿತು.

ಬೇಲಿಯ ತಲೆ

ಹಿಂಬೇಲಿ ಮತ್ತು ಎಡಬೇಲಿಯ 5 ಅಡಿ ಎತ್ತರ ಲ್ಯಾಬ್ರಡಾರ್‌ಗೆ ಸಾಕಿರಬಹುದು, ಮುಧೋಳಕ್ಕೆ ಸಾಲದು. ಬಾಗಲಕೋಟೆ ಸೀಮೆಯ ಈ ತಳಿ ಕಣ್ಣಿಗೆ ಬಿದ್ದ ಮೊಲದ ಹಿಂದೆ ಓಡಲೆಂದೇ ಬೆಳೆದದ್ದು. ಬೇಲಿಯಾಚೆ ಅಳಿಲು ಓಡಿದರೂ ಕಾಲು ನಿಲ್ಲುವುದಿಲ್ಲ. ಆದರೆ ಎತ್ತರವನ್ನೇ ಏರಿಸುತ್ತಾ ಹೋದರೆ ಕಲ್ಲುಕಂಬಕ್ಕೆ ಗಾಳಿಯ ಹೊರೆ ಹೆಚ್ಚುತ್ತದೆ. ಅದರ ಬದಲು ಒಳಗೆ ಬಾಗಿದ ತಲೆ. ಬುಡದಲ್ಲಿ ನಿಂತು ಮೇಲೆ ನೋಡಿದ ನಾಯಿಗೆ ಸೂರು ಕಾಣುತ್ತದೆ. ಸೂರು ತಪ್ಪಿಸಲು ಹಿಂದೆ ಸರಿದು ನೆಗೆದರೆ ದಾಟಬೇಕಾದ ದೂರವೂ ಎತ್ತರವೂ ಒಟ್ಟಿಗೆ ಹೆಚ್ಚುತ್ತವೆ.

ಮೊದಲು ಹತ್ತು ಕಂಬಗಳ ಪರೀಕ್ಷೆ. ತಲೆಯನ್ನು ಎರಡೂ ಕೈಯಿಂದ ತಳ್ಳಿದಾಗ ಒಂದು ಬೆರಳಿಗಿಂತ ಹೆಚ್ಚು ಅಲ್ಲಾಡಿದ್ದು ಮೂರು. ಅವುಗಳ ಸುತ್ತ ಒಂದಡಿ ಬಿಡಿಸಿ, ಸೈಜುಕಲ್ಲಿನ ಚೂರು ಜಡಿದು, ಕಾಂಕ್ರೀಟು ತುಂಬಿ, ಏಳು ದಿನ ನೀರುಣಿಸಿದ ಮೇಲೆಯೇ ಮುಂದಿನ ಕೆಲಸ. ಮೂಲೆಕಂಬಕ್ಕೆ ಎರಡೂ ಕಡೆಯಿಂದ ಎಳೆತ ಬೀಳುವುದರಿಂದ ಓರೆಯಾಗಿ ಒಂದೊಂದು ಆಸರೆ ಕಲ್ಲು.

ಬಾಗಿದ ತಲೆಯನ್ನು ಹೊರಲು ಕಂಬಕ್ಕೊಂದು ತೋಳು, ಅದಕ್ಕೆ 35×35×5 ಮಿ.ಮೀ. ಕಬ್ಬಿಣದ ಎಲ್ ಆ್ಯಂಗಲ್. ಒಂದೊಂದೂ ಮೂರೂವರೆ ಅಡಿ: ಕಂಬಕ್ಕೆ ಒರಗುವುದು 2 ಅಡಿ, ಮೇಲೆ 45 ಡಿಗ್ರಿಯಲ್ಲಿ ಒಳಗೆ ಬಾಗುವುದು 18 ಇಂಚು. ಬಾಗುವ ಕಡೆ ವಿ ಆಕಾರದಲ್ಲಿ ಕೊರೆದು ಮಡಿಸಿ ವೆಲ್ಡ್ ಮಾಡಬೇಕು. ಬಿಸಿ ಮಾಡಿ ಬಗ್ಗಿಸಿದರೆ ತಿರುಚಿಕೊಳ್ಳುತ್ತದೆ. ಮೂಲೆಯ ತೋಳು ಮಾತ್ರ 18 ಇಂಚಿನದಾದರೆ ಜಾಲರಿ ಅಲ್ಲಿ ಕುಗ್ಗಿ ಕೆಳಗಿಳಿಯುತ್ತದೆ, ಏಕೆಂದರೆ ಅದು ಕರ್ಣದ ದಿಕ್ಕಿನಲ್ಲಿ ಚಾಚಬೇಕು. ಅದಕ್ಕೆ 22 ಇಂಚು ಬೇಕು, ಬಾಗು 45ಕ್ಕಿಂತ ಸ್ವಲ್ಪ ಹೆಚ್ಚು ಮಲಗಬೇಕು. ಆರು ಮೀಟರಿನ ಎರಡು ಆ್ಯಂಗಲ್‌ನಲ್ಲಿ ಹತ್ತೂ ತೋಳು ಬರುತ್ತವೆ, ತೂಕ ಸುಮಾರು 28 ಕೆಜಿ. ರೆಡಾಕ್ಸೈಡ್ ಒಂದು ಕೋಟು, ಎನಾಮಲ್ ಎರಡು ಕೋಟು.

ಕಲ್ಲುಕಂಬಕ್ಕೆ ಡ್ರಿಲ್ ಹಾಕಲೇಬಾರದು. ಅಂಚಿನ ಹತ್ತಿರ ಹಾಕಿದರೆ ಕಂಬ ಉದ್ದಕ್ಕೆ ಸೀಳುತ್ತದೆ. 25×5 ಮಿ.ಮೀ. ಪಟ್ಟಿಯ ಕ್ಲ್ಯಾಂಪು, ಕಂಬಕ್ಕೆ ಎರಡು, ಕ್ಲ್ಯಾಂಪಿಗೆ ಎರಡು 10 ಮಿ.ಮೀ. ಬೋಲ್ಟು, ಒಟ್ಟು 40. ಕಲ್ಲಿನ ಮೈ ಒರಟಾಗಿರುವುದರಿಂದ ಕ್ಲ್ಯಾಂಪಿನಡಿ ಹಳೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿದರೆ ಜಾರುವುದಿಲ್ಲ. ಬೋಲ್ಟಿನ ಉಳಿಕೆ ತುದಿ ಹೊರಮುಖಕ್ಕಿರಲಿ.

ಮೇಲೆ ಹೊದಿಸಿದ್ದು 2 ಅಡಿ ಅಗಲದ, ಹಸಿರು ಪಿವಿಸಿ ಲೇಪದ 12 ಗೇಜ್ ಚೈನ್‌ಲಿಂಕ್. ಹಳೆ ಜಾಲರಿ ಮುಗಿಯುವ 5 ಅಡಿಯಿಂದ ಕಂಬದ ತಲೆಯವರೆಗೆ ಅರ್ಧ ಅಡಿ, ಅಲ್ಲಿಂದ ತೋಳಿನ ಮೇಲೆ ಒಂದೂವರೆ ಅಡಿ. ಇದನ್ನು ಬಿಗಿಯಾಗಿ ಎಳೆಯುವುದು ಬೇಡ. ತುಸು ಸಡಿಲವಿದ್ದರೆ ಮುಂಗಾಲು ಇಟ್ಟ ಕೂಡಲೇ ತೊನೆಯುತ್ತದೆ. ತೊನೆಯುವ ಕಡೆ ಮೈಭಾರ ಹಾಕಲು ನಾಯಿಗೆ ಧೈರ್ಯ ಬರುವುದಿಲ್ಲ.

ಕಾಂಪೌಂಡ್ ಗೋಡೆಗೂ ಇದೇ ತೋಳು ಹಾಕಬಹುದಿತ್ತು. ಆದರೆ ಅಲ್ಲಿ ಒಗೆಯುವ ಕಲ್ಲಿದೆ. ಕಲ್ಲನ್ನು ಸಿಮೆಂಟಿನಲ್ಲಿ ಕೂರಿಸಿ ಮೋರಿಗೆ ಜೋಡಿಸಿರುವುದರಿಂದ ಸರಿಸುವಂತಿಲ್ಲ, ನಾಲ್ಕೂವರೆ ಅಡಿ ಎತ್ತರದಲ್ಲಿ ಕಬ್ಬಿಣದ ತೋಳು ಚಾಚಿಕೊಂಡರೆ ಬಟ್ಟೆ ಒಗೆದು ಎದ್ದವರ ಹಣೆಗೆ ಬಡಿಯುತ್ತದೆ. ಅದಕ್ಕೆ ಅಲ್ಲಿ ರೋಲರ್, ಅಂದರೆ ಗೋಡೆಯ ಮೇಲೆ ಅಡ್ಡಲಾಗಿ ಕೂರಿಸಿದ, ಮುಟ್ಟಿದರೆ ತಿರುಗುವ ಪೈಪು. ಗಾರೆ ಮೇಸ್ತ್ರಿಯ ಸಲಹೆ ಬೇರೆಯೇ ಇತ್ತು: "ಸುಮ್ನೆ ಗಾಜು ಚುಚ್ಚಿಬಿಡಿ ಸಾರ್, ಕಳ್ಳರಿಗೂ ಆಯ್ತು, ನಾಯಿಗೂ ಆಯ್ತು." ಗಾಜು, ಮುಳ್ಳುತಂತಿ ಎರಡೂ ನಾಯಿಯನ್ನು ತಡೆಯುವುದಿಲ್ಲ, ಹಾರಿದ ಮೇಲೆ ಹೊಟ್ಟೆ ಸೀಳುತ್ತವೆ. ನೆಗೆಯುವಾಗ ಅದು ಗೋಡೆಯ ಮೇಲೇನಿದೆ ಎಂದು ನೋಡುವುದಿಲ್ಲ.

ರೋಲರ್‌ನ ಸೂತ್ರ ಸರಳ. ಬಹಳಷ್ಟು ನಾಯಿಗಳು ಗೋಡೆಯನ್ನು ಒಂದೇ ನೆಗೆತಕ್ಕೆ ದಾಟುವುದಿಲ್ಲ. ಮುಂಗಾಲನ್ನು ಅಂಚಿಗೆ ಸಿಕ್ಕಿಸಿ, ಹಿಂಗಾಲಿನಿಂದ ಗೋಡೆ ಒದ್ದು ಮೇಲೇರುತ್ತವೆ. ಅಂಚೇ ತಿರುಗಿದರೆ ಹಿಡಿತ ಸಿಗದೆ ಒಳಗೇ ಜಾರುತ್ತವೆ. ಆದರೆ ನಾಲ್ಕೂವರೆ ಅಡಿಯ ಗೋಡೆಯ ಮೇಲೇ ರೋಲರ್ ಕೂರಿಸಿದರೆ ಮುಧೋಳ ಅದನ್ನು ಮುಟ್ಟದೆ ದಾಟುತ್ತದೆ. ಎತ್ತರ ಆರಡಿ ದಾಟಿದ ಮೇಲೆಯೇ ರೋಲರ್‌ಗೆ ಅರ್ಥ.

ಆರಡಿಗೊಂದರಂತೆ 40×40 ಮಿ.ಮೀ. ಚೌಕ ಪೈಪಿನ ಆರು ಊರುಗಂಬ. ತಲಾ ಮೂರೂಕಾಲು ಅಡಿ, ಒಂದೂವರೆ ಅಡಿ ಗೋಡೆಗೆ ಒರಗಿ, ಉಳಿದದ್ದು ಮೇಲೆ. ಆರು ಮೀಟರಿನ ಒಂದೇ ಪೈಪಿನಲ್ಲಿ ಕೂದಲೆಳೆಯಷ್ಟು ಉಳಿದು ಸಾಕಾಗುತ್ತದೆ, ಗರಗಸ ಓರೆಯಾಗದಂತೆ ನೋಡಿಕೊಳ್ಳಿ. ಬ್ಲಾಕಿನ ಮೇಲುವರಸೆಗೆ ಆ್ಯಂಕರ್ ಬೋಲ್ಟ್ ಹೊಡೆದರೆ ಬ್ಲಾಕು ಸಿಡಿಯುತ್ತದೆ, ಅದರ ಮೇಲೆ ಭಾರವಿಲ್ಲ. ತಲೆಯಿಂದ 8 ಇಂಚು ಮತ್ತು 16 ಇಂಚು ಕೆಳಗೆ ಒಂದೊಂದು 10 ಮಿ.ಮೀ. ಆ್ಯಂಕರ್. ಗೋಡೆ ಜಂಟಿ ಆಗಿದ್ದರಿಂದ ಎಲ್ಲವೂ ನಮ್ಮ ಕಡೆಯ ಮೈಗೇ, ಅದೂ ಪಕ್ಕದ ಮನೆಯವರ ಒಪ್ಪಿಗೆ ಕೇಳಿದ ಮೇಲೆ.

ಇದರಲ್ಲಿ ಹೆಚ್ಚಿನವರು ಎಡವುವುದು ಗೋಡೆಯ 6 ಇಂಚಿನ ತಲೆಯ ವಿಷಯದಲ್ಲಿ. ಗೋಡೆಗೂ ರೋಲರ್‌ಗೂ ನಡುವಿನ ಜಾಲರಿಯನ್ನು ಗೋಡೆಯ ಹೊರ ಅಂಚಿಗೆ ಕಟ್ಟಿದರೆ, ಒಳಗಡೆ 6 ಇಂಚಿನ ಜಗಲಿ ಉಳಿಯುತ್ತದೆ. ನಾಯಿ ಅದರ ಮೇಲೆ ನಿಂತು ದಮ್ಮು ತಗೊಂಡು ಎರಡನೇ ನೆಗೆತ ಹಾಕುತ್ತದೆ. ಜಾಲರಿ ಊರುಗಂಬದ ಒಳಮೈಗೇ ಬರಬೇಕು, ಕಾಲೂರಲು ಅರ್ಧ ಇಂಚೂ ಸಿಗಬಾರದು.

ರೋಲರ್ ಮೊದಲ ಸಲ ಸೋತಿತು. 75 ಮಿ.ಮೀ. ಪಿವಿಸಿ ಪೈಪುಗಳನ್ನು 6 ಮಿ.ಮೀ. ವೈರ್ ರೋಪಿಗೆ ಪೋಣಿಸಿ, 30 ಅಡಿಯನ್ನೂ ಒಂದೇ ಟರ್ನ್‌ಬಕಲ್‌ನಲ್ಲಿ ಬಿಗಿಯಲಾಗಿತ್ತು. ನಾಲ್ಕನೇ ದಿನಕ್ಕೆ ನಡುವಿನ ಅಂಕಣಗಳು ಎರಡಿಂಚು ಜೋತು, ಪೈಪು ಜಾಲರಿಗೆ ಉಜ್ಜಿ ತಿರುಗುವುದೇ ನಿಂತಿತು. ತಿರುಗದ ರೋಲರ್ ಎಂದರೆ ಮುಂಗಾಲಿಗೆ ಒಳ್ಳೆಯ ಹಿಡಿಕೆ. ಎರಡನೇ ಸಲ ಹಗ್ಗ ತೆಗೆದು ಮುಕ್ಕಾಲು ಇಂಚಿನ ಜಿಐ ಪೈಪನ್ನೇ ಅಚ್ಚಾಗಿ ಹಾಕಿದ್ದು, ಅಂಕಣಕ್ಕೊಂದರಂತೆ ಐದು. ಹೊರಗೆ 110 ಮಿ.ಮೀ. ಪಿವಿಸಿ, ಒಂದೊಂದೂ 5 ಅಡಿ 8 ಇಂಚು. ಎರಡಕ್ಕೂ ಆರು ಮೀಟರಿನ ಎರಡೆರಡು ಪೈಪು ಸಾಕು. ಪಿವಿಸಿಯ ಎರಡೂ ತುದಿಗೆ ಎಂಡ್ ಕ್ಯಾಪು, ಕ್ಯಾಪಿನ ನಟ್ಟನಡುವೆ 28 ಮಿ.ಮೀ. ತೂತು. ಅಚ್ಚಿನ ಹೊರ ಅಳತೆ ಸುಮಾರು 27 ಮಿ.ಮೀ. ಇರುವುದರಿಂದ ಅಲ್ಲೇ ತಿರುಗುತ್ತದೆ, ಬೇರಿಂಗು ಬೇಕಿಲ್ಲ. ತೂತು ನಡುವಿಂದ ಸರಿದರೆ ಭಾರದ ಕಡೆ ಕೆಳಗೆ ಬಂದು ನಿಂತುಬಿಡುತ್ತದೆ. ಬೆರಳಲ್ಲಿ ತಟ್ಟಿದರೆ ಎರಡು ಸುತ್ತಾದರೂ ತಿರುಗಬೇಕು. ಅಚ್ಚು ಹಿಡಿಯುವ ಯು ಪಟ್ಟಿಯ ತಲೆ ರೋಲರ್‌ನ ತಲೆಗಿಂತ ಕೆಳಗೇ ಇರಬೇಕು. ಎರಡು ರೋಲರ್‌ಗಳ ನಡುವೆ ಕಬ್ಬಿಣ ಮೇಲೆದ್ದರೆ ಮುಧೋಳ ಅದನ್ನೇ ಹುಡುಕಿ ಹಿಡಿಯುತ್ತದೆ. ಕ್ಯಾಪಿನ ಕೆಳಗಂಚಿಗೆ 5 ಮಿ.ಮೀ. ತೂತು, ಮಳೆನೀರು ಇಳಿಯಲು. ಗಾಳಿಗೆ ಗಡಗಡ ಸದ್ದಾದರೆ ಕ್ಯಾಪಿಗೂ ಪಟ್ಟಿಗೂ ನಡುವೆ ರಬ್ಬರ್ ವಾಷರು. ಬಿಸಿಲಿಗೆ ಪಿವಿಸಿ ಬಿಳಿಚಿ ಪೆಡಸಾಗುತ್ತದೆ, ಒಂದು ಕೋಟು ಬಣ್ಣ ಬಳಿದರೆ ಬಾಳಿಕೆ ಹೆಚ್ಚು.

ಗೇಟು

ಬೇಲಿ ಎಷ್ಟೇ ಚೆನ್ನಾಗಿದ್ದರೂ ಸಿಲಿಂಡರ್ ತಂದವರು ಗೇಟು ಹಾಕದೆ ಹೋದರೆ ಮುಗಿಯಿತು. ಹಾಗಾಗಿ ಓಣಿಯಲ್ಲಿ ಎರಡನೇ ಗೇಟು. ಹಳೆಯದಕ್ಕೂ ಹೊಸದಕ್ಕೂ ನಡುವೆ 8 ಅಡಿ ಬಿಟ್ಟಿದ್ದು ಲೆಕ್ಕ ಹಾಕಿಯೇ: ಸ್ಕೂಟರಿನ ಉದ್ದ ಸುಮಾರು 6 ಅಡಿ, ಅದು ಪೂರ್ತಿ ಒಳಗೆ ಬಂದು ಹಿಂದಿನ ಗೇಟು ಹಾಕಿದ ಮೇಲೆ ಮುಂದಿನದು ತೆಗೆಯಲು ಜಾಗ ಬೇಕು. ಹೊಸ ಗೇಟು 6 ಅಡಿ ಎತ್ತರ, ಹಿತ್ತಲ ಕಡೆಗೆ ತೆರೆಯುವಂತೆ. ನಾಯಿ ಒಳಗಿಂದ ತಳ್ಳಿದರೆ ಗೇಟು ಮುಚ್ಚಿಕೊಳ್ಳಬೇಕು, ತೆರೆದುಕೊಳ್ಳಬಾರದು. ತಾನೇ ಮುಚ್ಚಲು ಸ್ಪ್ರಿಂಗು. ಎತ್ತುವ ಚಿಲಕದ ಬದಲು ಅಡ್ಡ ಸರಿಯುವ ಆಲ್‌ಡ್ರಾಪ್, ಅದರ ತೂತಿಗೆ ಬೀಗ ಬೇಡ, ಒಂದು ಸ್ಪ್ರಿಂಗ್ ಕೊಕ್ಕೆ ಸಾಕು. ಹಳೆ ಗೇಟಿನಡಿಯ 5 ಇಂಚಿಗೆ ನೆಲದಲ್ಲಿ ಎರಡಿಂಚಿನ ಸಿಮೆಂಟ್ ದಿಂಡು, ಗೇಟಿನ ಕೆಳಗಂಚಿಗೆ ಒಂದೂವರೆ ಇಂಚಿನ ಪಟ್ಟಿ. ಉಳಿದ ಒಂದೂವರೆ ಇಂಚಿನಲ್ಲಿ ಬೀಗಲ್‌ನ ಮೂತಿಯಷ್ಟೇ ಹೋಗುತ್ತದೆ.

ಮಳೆನೀರಿನ ಕಿಂಡಿಗೆ 8 ಮಿ.ಮೀ. ಸರಳಿನ ಗ್ರಿಲ್, ಎರಡಿಂಚು ಅಂತರ. ಗಾರೆಯಲ್ಲಿ ಹೂಳದೆ ಕೀಲಿಗೆ ಸಿಕ್ಕಿಸಿ. ಎಲೆ ಕಟ್ಟಿ ನೀರು ನಿಂತಾಗ ತೆಗೆದು ಬಳಿಯಲಾಗದಿದ್ದರೆ ನೀರು ಬೇಲಿಯ ಬುಡವನ್ನೇ ಕೊಚ್ಚಿಕೊಂಡು ಹೋಗುತ್ತದೆ.

ಬಿಟ್ಟು ನೋಡಿದ್ದು

ಕೆಲಸ ಮುಗಿದ ಮೇಲೆ ಹದಿನೈದು ದಿನ ಯಾರಾದರೊಬ್ಬರು ಕಣ್ಣಿಟ್ಟಿದ್ದರು. ಮುಧೋಳ ಹಿಂಬೇಲಿಗೆ ಎರಡು ಸಲ ನೆಗೆದು ಸಡಿಲ ಜಾಲರಿಗೆ ತಲೆ ತಾಗಿಸಿಕೊಂಡು ಇಳಿಯಿತು. ಒಗೆಯುವ ಕಲ್ಲಿನಿಂದ ಒಂದು ಸಲ ರೋಲರ್‌ಗೆ ಮುಂಗಾಲು ಹಾಕಿ ಜಾರಿತು, ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಕಲ್ಲಿನ ಹತ್ತಿರ ಇದ್ದ ತೆಂಗಿನ ಮಟ್ಟೆಯ ರಾಶಿಯನ್ನು ಗೋಡೆಯಿಂದ ಐದಾರು ಅಡಿ ದೂರ ಹಾಕಿಸಲಾಯಿತು. ಸೌದೆ, ಡ್ರಮ್ಮು, ತಿರುವಿಹಾಕಿದ ಕುಂಡ, ಯಾವುದೂ ಬೇಲಿಯ ಹತ್ತಿರ ಇರಬಾರದು.

ಬೀಗಲ್ ಬೇರೆ ಜಾತಿ. ನೀವು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರುತ್ತದೆ. ನಾಲ್ಕು ಕಡೆ ತೋಡಿ, ನಾಲ್ಕೂ ಕಡೆ ತಂತಿ ಸಿಕ್ಕಿ, ಐದನೆಯದಾಗಿ ಹಿಂಬೇಲಿಯ ಕೊನೆಯ ಕಲ್ಲುಕಂಬಕ್ಕೂ ಕಾಂಪೌಂಡ್ ಗೋಡೆಗೂ ನಡುವಿನ ಮೂರಿಂಚಿನ ಸಂದನ್ನು ಕಂಡುಹಿಡಿಯಿತು. ಮೂರಿಂಚಿನಲ್ಲಿ ತಲೆ ಹೋಗುವುದಿಲ್ಲ ನಿಜ, ಆದರೆ ಕೆಳಗೆ ಮಣ್ಣು ಕೆರೆದರೆ ಅಲ್ಲಿ ನೆಲಜಾಲರಿಯೂ ಇರಲಿಲ್ಲ, ಪಾಯವೂ ಇರಲಿಲ್ಲ. ಅಲ್ಲಿಗೆ ಇಟ್ಟಿಗೆ ಚೂರು, ಗಾರೆ, ಮೇಲೆ ನಾಲ್ಕಡಿಯವರೆಗೆ ತಗಡಿನ ಪಟ್ಟಿ. ಎರಡು ಥರದ ಬೇಲಿ ಕೂಡುವ ಕಡೆ ಮೊದಲೇ ನೋಡಬೇಕಿತ್ತು.

ಬೀದಿಯಲ್ಲಿ ಹೋಗುವ ಪ್ರತಿ ಸ್ಕೂಟರಿಗೂ ಎಡಬೇಲಿಯುದ್ದಕ್ಕೆ ಓಡುವುದನ್ನು ನಿಲ್ಲಿಸಲು ಒಳಗಡೆ ನಾಲ್ಕಡಿಯವರೆಗೆ 50 ಪರ್ಸೆಂಟಿನ ಹಸಿರು ಶೇಡ್ ನೆಟ್. 90 ಪರ್ಸೆಂಟಿನದು ಹಾಕಿದರೆ ಜೋರು ಗಾಳಿಗೆ ಹಾಯಿಯಂತೆ ಉಬ್ಬಿ ಕಂಬವನ್ನೇ ಎಳೆಯುತ್ತದೆ. ಕಟ್ಟಲು ಸಣಬಿನ ದಾರ ಬಳಸಿ, ಗಾಳಿಗೆ ಏನಾದರೂ ಹರಿಯುವುದಾದರೆ ದಾರ ಹರಿಯಲಿ.

ಕೆಲವು ಮಾಡಬಾರದ್ದು. ಬೇಲಿಯ ಹತ್ತಿರ ಸರಪಳಿಯಲ್ಲಿ ಕಟ್ಟಬೇಡಿ. ಹಾರಿದ ನಾಯಿ ಆಚೆ ಬದಿಗೆ ಕುತ್ತಿಗೆಯಲ್ಲಿ ನೇತಾಡುತ್ತದೆ. ತುಂಡು ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಹಿತ್ತಲಲ್ಲಿ ಬಿಟ್ಟಾಗ ಚೋಕ್ ಚೈನ್ ತೆಗೆದಿಡಿ, ಅದು ಜಾಲರಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಫೋನ್ ನಂಬರಿನ ಬಿಲ್ಲೆ ಇರುವ, ಜಗ್ಗಿದರೆ ಬಿಚ್ಚಿಕೊಳ್ಳುವ ಪಟ್ಟಿ ಸಾಕು. ತೋಟಕ್ಕೆ ಹಾಕುವ ಸೋಲಾರ್ ಬೇಲಿಯ ಝಟ್ಕಾ ಯಂತ್ರ ಇಲ್ಲಿಗೆ ಬೇಡ. ಅಟ್ಟಿಸಿಕೊಂಡು ಹೋಗುವ ಭರದಲ್ಲಿ ನಾಯಿ ಒಂದು ಹೊಡೆತ ತಿಂದು ಆಚೆ ಹೋಗುತ್ತದೆ, ವಾಪಸ್ ಬರಲು ಹೆದರುತ್ತದೆ. ಮನೆಯ ಕರೆಂಟನ್ನು ನೇರ ಬೇಲಿಗೆ ಕೊಡುವುದಂತೂ ಕೊಲೆಗೆ ಸಮ.

ಬೇಲಿಗೆ ಸಂಬಂಧಿಸದ ಎರಡು ಕೆಲಸವೂ ಆಗಬೇಕಿತ್ತು. ಮುಧೋಳಕ್ಕೆ ಸಂತಾನಹರಣ, ಏಕೆಂದರೆ ಓಣಿಯಲ್ಲಿ ಬೆದೆಗೆ ಬಂದ ಹೆಣ್ಣಿದ್ದರೆ ಆ ವಾಸನೆಯ ಮುಂದೆ ಯಾವ ಎತ್ತರವೂ ಎತ್ತರವಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ತಣ್ಣಗಾಗಲು ಕೆಲವು ವಾರ ಬೇಕು. ಇನ್ನೊಂದು, ಬೆಳಿಗ್ಗೆ ಒಂದು ಒಳ್ಳೆಯ ಓಟ. ದೀಪಾವಳಿ, ಗಣೇಶನ ಮೆರವಣಿಗೆಯ ರಾತ್ರಿಗಳಲ್ಲಿ ಎರಡೂ ಮನೆಯೊಳಗೆ. ಪಟಾಕಿಗೆ ಬೆದರಿದ ನಾಯಿ ಎಂದೂ ಹಾರದ ಗೋಡೆಯನ್ನೂ ಹಾರುತ್ತದೆ.

ಜೂನ್‌ನ ಮೊದಲ ಜೋರು ಮಳೆಯ ಮರುದಿನದ ತಪಾಸಣೆ: ಎಡಬೇಲಿಯ ಇಳಿಜಾರಿನಲ್ಲಿ ನೆಲಜಾಲರಿಯ ಮೇಲಿನ ಮಣ್ಣು ಆರಡಿ ಉದ್ದಕ್ಕೆ ಕೊಚ್ಚಿಹೋಗಿ ತಂತಿ ಕಾಣುತ್ತಿತ್ತು. ಅಲ್ಲಿಗೆ ಸೈಜುಕಲ್ಲಿನ ಸಾಲು. ಹೊರಬದಿಯಿಂದ ಹೆಗ್ಗಣವೊಂದು ಜಾಲರಿಯ ಅಡಿಗೇ ಬಿಲ ಹೊಡೆದಿತ್ತು. ಒಳಗಡೆ ಬೀಗಲ್ ಮೂತಿಯಿಟ್ಟು ಕೂತಿದ್ದರಿಂದಲೇ ಅದು ಗೊತ್ತಾಗಿದ್ದು. ಬಿಲಕ್ಕೆ ಜಲ್ಲಿ ತುಂಬಿ ಒಂದು ಪುಟ್ಟಿ ಕಾಂಕ್ರೀಟು. ಕ್ಲ್ಯಾಂಪಿನ ಬೋಲ್ಟುಗಳಲ್ಲಿ ಆರು ಸಡಿಲ, ಬಿಗಿದದ್ದಾಯಿತು. ಮೂರನೇ ರೋಲರ್‌ನೊಳಗೆ ಕಡಜದ ಗೂಡು, ಸಂಜೆ ತೆಗೆಯಬೇಕು.